ಖಾಲಿ ಕುರ್ಚಿ ಕೊಡಿಸಿದ ಬಿಯರು

ಆರ್ವಿಲ್ ಟ್ಯಾಕೆಟ್ ಕಳ್ಳನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಅವನನ್ನು ಸತ್ತವರ ಸೊತ್ತಿಗೆ ಕೈ ಹಾಕಿದವನು ಅನ್ನುತ್ತಾರೆ. ಅವನು ಬರೀ ಪೆದ್ದ. ಮೂವತ್ತು ವರ್ಷ ಅವನ ಪಕ್ಕದ ಮನೆಯಲ್ಲಿದ್ದವನು ನಾನು, ಹಾಬ್ಸ್. ಟ್ಯಾಂಕಿನೊಳಗೆ ಕೂತು ಬಲಗಿವಿ ಕಳಕೊಂಡವನು. ಎಡಗಿವಿ ಚೆನ್ನಾಗಿದೆ, ಬಾಯಿ ಅದಕ್ಕಿಂತ ಚೆನ್ನಾಗಿದೆ.

ನಮ್ಮ ಹ್ಯಾಕ್‌ಬೆರಿ ಜಾರ್ಜಿಯಾದ ಕೆಮ್ಮಣ್ಣಿನ ಮೇಲೆ ಕೂತಿರುವ ದಂಡಿನ ಊರು. ಇಲ್ಲಿ ಎರಡೇ ಜಾಗ ಮುಖ್ಯ: ಹಳೇ ಸೈನಿಕರ ಹಾಲ್, ಅದರಿಂದ ಅರ್ಧ ಮೈಲಿ ಆಚೆ ಸೈನಿಕರ ಸ್ಮಶಾನ. ಮೊದಲನೆಯದರಲ್ಲಿ ಕೂತವರು ಒಬ್ಬೊಬ್ಬರಾಗಿ ಎರಡನೆಯದಕ್ಕೆ ಹೋಗುತ್ತಾರೆ. ಎರಡನೆಯದರಿಂದ ಮೊದಲನೆಯದಕ್ಕೆ ಯಾರೂ ಬರುವುದಿಲ್ಲ ಅಂತ ನಾನು ಆ ಮೇ ತಿಂಗಳವರೆಗೂ ನಂಬಿದ್ದೆ.

ಬಿಲ್ಲೆಯ ಕಾನೂನು ಹೇಳದೆ ಮುಂದೆ ಹೋಗುವಂತಿಲ್ಲ. ಸೈನ್ಯದಲ್ಲಿ ಒಬ್ಬ ಮೆಚ್ಚುವಂಥದ್ದು ಮಾಡಿದರೆ ಮೇಲಿನವನು ಬಂದು ಕೈ ಕುಲುಕುತ್ತಾನೆ. ಕೈ ಬಿಟ್ಟಾಗ ಅಂಗೈಯಲ್ಲಿ ಒಂದು ದಪ್ಪ ಲೋಹದ ಬಿಲ್ಲೆ ಉಳಿದಿರುತ್ತದೆ. ಒಂದು ಕಡೆ ದಳದ ಗುರುತು, ಇನ್ನೊಂದು ಕಡೆ ಏನಾದರೂ ವೀರಾವೇಶದ ಮಾತು. ಭಾಷಣವಿಲ್ಲ, ಹಾರವಿಲ್ಲ, ಅಂಗೈಯಿಂದ ಅಂಗೈಗೆ ಅಷ್ಟೆ. ಅದನ್ನು ಸದಾ ಜೇಬಿನಲ್ಲೇ ಇಟ್ಟುಕೊಂಡಿರಬೇಕು. ಏಕೆಂದರೆ ಯಾವನಾದರೂ ತನ್ನದನ್ನು ಕೌಂಟರಿನ ಮೇಲೆ ಟಕ್ಕೆಂದು ಬಡಿದು "ತೆಗೀರಿ!" ಅಂದರೆ, ಆ ಕೋಣೆಯಲ್ಲಿರುವ ಪ್ರತಿಯೊಬ್ಬನೂ ತನ್ನ ಬಿಲ್ಲೆ ತೋರಿಸಬೇಕು. ಇಲ್ಲದವನು ಎಲ್ಲರಿಗೂ ಒಂದು ಸುತ್ತು ಕುಡಿಸಬೇಕು. ಎಲ್ಲರ ಹತ್ತಿರವೂ ಇದ್ದರೆ ಬಡಿದವನೇ ಕುಡಿಸಬೇಕು. ಕೈಜಾರಿ ಬಿದ್ದು ಸದ್ದಾದರೂ ಬಡಿದಂತೆಯೇ. ಯಾರಿಗೂ ವಿನಾಯಿತಿ ಇಲ್ಲ. ಯಾರಿಗೂ ಅಂದರೆ ಯಾರಿಗೂ. ಇದನ್ನು ನೆನಪಿಡಿ.

ಆರ್ವಿಲ್ ಸೈನ್ಯದಲ್ಲಿದ್ದದ್ದು ಎರಡೇ ವರ್ಷ, ಅದೂ ದಂಡಿನ ಹಲ್ಲಿನ ಡಾಕ್ಟರರ ಕಚೇರಿಯಲ್ಲಿ ಟೈಪ್ ಮಾಡಿಕೊಂಡು. ಹಲ್ಲಿನ ಪಟ್ಟಿ ಚೆನ್ನಾಗಿ ಟೈಪ್ ಮಾಡಿದ್ದಕ್ಕೆ ಯಾರೂ ಬಿಲ್ಲೆ ಕೊಡುವುದಿಲ್ಲ. ಹಾಗಾಗಿ ಹಾಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಸೋಲುತ್ತಿದ್ದವನು ಅವನೊಬ್ಬನೇ. ನಮ್ಮ ಮುಖಂಡ ಸಾರ್ಜೆಂಟ್ ಕ್ಲೀಟಸ್ ಬ್ರಮ್‌ಫೀಲ್ಡ್ ಪರಮ ಜಿಪುಣ. ಆರ್ವಿಲ್ ಒಳಗೆ ಕಾಲಿಡುವುದನ್ನೇ ಕಾಯುತ್ತಿದ್ದು, ಕಾಲಿಟ್ಟ ಕೂಡಲೇ ತನ್ನ ಬಿಲ್ಲೆ ಬಡಿಯುತ್ತಿದ್ದ. ನಾವು ಉಳಿದವರು ನಕ್ಕು ಕುಡಿಯುತ್ತಿದ್ದೆವು. ನಾನೂ ಕುಡಿದಿದ್ದೇನೆ, ಸುಳ್ಳು ಹೇಳುವುದಿಲ್ಲ.

ಆ ಮಂಗಳವಾರ ಸಂಜೆ ಆರ್ವಿಲ್ ಸ್ಮಶಾನದಲ್ಲಿ ಹುಲ್ಲು ಕತ್ತರಿಸಿ ನೇರ ಹಾಲಿಗೆ ಬಂದಿದ್ದ. ಅದು ಅವನ ಈಗಿನ ಕೆಲಸ. ಕ್ಲೀಟಸ್ ಎಂದಿನಂತೆ ಬಡಿದ. "ತೆಗೀರಿ! ಆರ್ವಿಲ್, ನೀನು ಪರ್ಸ್ ತೆಗಿ."

ಎಲ್ಲರೂ ತೋರಿಸಿದರು. ಆರ್ವಿಲ್ ಪರ್ಸಿಗೆಂದು ಜೇಬಿಗೆ ಕೈ ಹಾಕಿದ. ಕೈಗೆ ಬಂದದ್ದು ಬಿಲ್ಲೆ.

ಕಪ್ಪು ಬಿಲ್ಲೆ. ಒಂದು ಕಡೆ ಕೊಕ್ಕಿನಲ್ಲಿ ಬೀಗದ ಕೈ ಕಚ್ಚಿಕೊಂಡ ಗೂಬೆ, ಇನ್ನೊಂದು ಕಡೆ ಏನೂ ಇಲ್ಲ. ಹೆಸರಿಲ್ಲ, ದಳದ ಸಂಖ್ಯೆ ಇಲ್ಲ. ಅವನು ಅದನ್ನು ಕೌಂಟರಿನ ಮೇಲೆ ಇಟ್ಟಾಗ ಸುತ್ತಲೂ ತಣ್ಣಗೆ ಹಬೆ ಕಟ್ಟಿತು, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಸುತ್ತ ಕಟ್ಟುವ ಹಾಗೆ.

ಕ್ಲೀಟಸ್‌ನ ಮೀಸೆ ಕುಣಿಯುವುದು ನಿಂತುಹೋಯಿತು. "ಇದು ಯಾರು ಕೊಟ್ಟದ್ದೋ ನಿನಗೆ?"

ಹುಲ್ಲಿನಲ್ಲಿ ಬಿದ್ದಿತ್ತು, ಯಂತ್ರದ ಅಲಗಿಗೆ ಸಿಕ್ಕೀತು ಅಂತ ಎತ್ತಿ ಜೇಬಿಗೆ ಹಾಕಿಕೊಂಡೆ, ವಾಪಸ್ ಇಡಲು ಮರೆತೆ. ಇಷ್ಟು ಹೇಳಿದ್ದರೆ ಮುಗಿದಿತ್ತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಎಲ್ಲರೂ ಅವನ ಮುಖ ನೋಡುತ್ತಿದ್ದರು.

"ಅದು... ಹೇಳೋಕಾಗಲ್ಲ ಸಾರ್ಜೆಂಟ್," ಅಂದ.

ಹೇಳೋಕಾಗಲ್ಲ! ಸೈನಿಕರ ಕಿವಿಗೆ ಆ ಮಾತಿಗೆ ಒಂದೇ ಅರ್ಥ. ಹೆಸರಿಲ್ಲದ ಬಿಲ್ಲೆ, ಹೆಸರಿಲ್ಲದ ದಳ, ಗುಟ್ಟಿನ ಕಾರ್ಯಾಚರಣೆ.

"ಹಲ್ಲಿನ ಡಾಕ್ಟ್ರ ಆಫೀಸಂತೆ," ಅಂತ ಕ್ಲೀಟಸ್ ಪಿಸುಗುಟ್ಟಿದ. "ಹತ್ತೊಂಬತ್ತು ವರ್ಷ ನಮಗೆಲ್ಲ ಬಿಯರ್ ಕುಡಿಸಿ ಗುಟ್ಟು ಕಾಪಾಡಿದಾನೆ. ಎಂಥಾ ಗಂಡಸು!"

ಎಲ್ಲರ ಹತ್ತಿರವೂ ಬಿಲ್ಲೆ ಇತ್ತು, ಅಂದರೆ ಬಡಿದ ಕ್ಲೀಟಸ್ ಕುಡಿಸಬೇಕು. ಅವನ ಮುಖ ಬಾಡಿತು. ಬಾರ್ ನೋಡಿಕೊಳ್ಳುವ ರೋಸಲೀ ಬೇಯಿಸಿದ ಕಡಲೆಕಾಯಿ ತರಲು ಒಳಗೆ ಹೋಗಿದ್ದಳು. ಹೊರಗೆ ಬಂದವಳು ಕೇಳಿದಳು: "ಇದ್ಯಾರು ಬಗ್ಗಿಸಿದ್ದು?"

ಕೌಂಟರಿನ ಮೇಲೆ ನಮ್ಮ ಎಂಟು ಜನರ ಮುಂದೆ ಎಂಟು ಗ್ಲಾಸ್ ತುಂಬಿ ನೊರೆಯಾಡುತ್ತಿದ್ದವು. ಪಕ್ಕದಲ್ಲಿ ಚಿಲ್ಲರೆಯ ಗುಡ್ಡೆ. ಪಾಚಿಗಟ್ಟಿದ, ಕೆಮ್ಮಣ್ಣು ಮೆತ್ತಿದ ನಾಣ್ಯಗಳು. ಸತ್ತವರ ಕಲ್ಲಿನ ಮೇಲೆ ನೋಡಲು ಬಂದವರು ಇಟ್ಟುಹೋಗುತ್ತಾರಲ್ಲ, ಅಂಥವು.

"ಆರ್ವಿಲ್ಲೇ ಕೊಟ್ಟಿರ್ತಾನೆ," ಅಂದ ಕ್ಲೀಟಸ್, ಗ್ಲಾಸ್ ಎತ್ತುತ್ತಾ. "ವಿನಯ ನೋಡ್ರಯ್ಯಾ."

"ನಾನಲ್ಲ," ಅಂದ ಆರ್ವಿಲ್.

"ನೋಡಿದ್ರಾ? ಮತ್ತೆ ವಿನಯ!"

ನಮ್ಮ ಹಾಲಿನ ಮೂಲೆಯಲ್ಲಿ ಬಾರದವರ ಮೇಜು ಅಂತ ಒಂದಿದೆ. ಎಲ್ಲ ಹಾಲ್‌ಗಳಲ್ಲೂ ಇರುತ್ತದೆ. ಬಿಳಿ ಬಟ್ಟೆ, ಮಗುಚಿಟ್ಟ ಗ್ಲಾಸ್, ಒಂದು ಖಾಲಿ ಕುರ್ಚಿ. ಯುದ್ಧದಿಂದ ಜೀವಂತ ತಿರುಗಿ ಬಾರದವರಿಗೆ ಇಟ್ಟ ಜಾಗ. ಅಲ್ಲಿ ಯಾರೂ ಕೂರುವುದಿಲ್ಲ. ನಾನು ಆ ಸಂಜೆ ಎದ್ದು ಹೊರಡುವಾಗ ಕುರ್ಚಿ ಮೇಜಿನಿಂದ ಒಂದು ಗೇಣು ಹೊರಗೆ ಬಂದಿತ್ತು. ಅದರ ಕಾಲಿನ ಹತ್ತಿರ ಕೆಮ್ಮಣ್ಣಿನ ಪುಡಿ. ಗುಡಿಸುವವನಿಗೆ ಬೈದು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಬೇಲಿಯಾಚೆಯಿಂದ ಆರ್ವಿಲ್‌ನ ಹೆಂಡತಿ ಲರ್ಲೀನ್ ಕೂಗಿದಳು.

"ಹಾಬ್ಸ್, ನಿಮಗೆ ಗೊತ್ತಿತ್ತಾ? ಮೂವತ್ತೊಂದು ವರ್ಷ ಸಂಸಾರ ಮಾಡಿದೀನಿ, ನನಗೇ ಹೇಳಿಲ್ಲ ಈ ಮನುಷ್ಯ! ಕ್ಲೀಟಸ್ ಹೆಂಡ್ತಿ ಫೋನ್ ಮಾಡಿ ಹೇಳ್ಬೇಕಾಯ್ತು!"

"ನಾನೇನೂ ಮಾಡಿಲ್ಲ ಕಣೇ," ಅಂತ ಒಳಗಿನಿಂದ ಆರ್ವಿಲ್.

"ಕೇಳಿದ್ರಾ? ನಿದ್ದೇಲೂ ಇದನ್ನೇ ಅಂತಾನೆ. ಅದಕ್ಕೇ ಇರಬೇಕು, ಯಾರಾದರೂ ಹಲ್ಲು ಬಿಟ್ಟರೆ ಬೆಚ್ಚಿ ಬೀಳೋದು. ಎಷ್ಟು ಜನರನ್ನ ಕೊಂದಿದಾನೋ ಪಾಪ!"

ಆಮೇಲೆ ಅವನು ನನ್ನ ಜಗಲಿಗೆ ಬಂದು ಪೂರ್ತಿ ಕಥೆ ಹೇಳಿದ. ನಾನು ಬೈದೆ. "ಹೋಗಿ ಇಟ್ಟು ಬಾರೋ ಕತ್ತೆ."

"ಯಾರ ಕಲ್ಲಿಗೆ ಇಡ್ಲಿ? ಹುಲ್ಲಲ್ಲಿ ಬಿದ್ದಿತ್ತು. ಸುತ್ತ ಆರೇಳು ಕಲ್ಲಿವೆ. ಬಿಲ್ಲೆ ಮೇಲೆ ಹೆಸರೂ ಇಲ್ಲ."

"ಹತ್ತಿರದ್ದಕ್ಕೆ ಇಡು."

ಇಟ್ಟು ಬಂದ. ನಾನೂ ಜೊತೆಗೆ ಹೋಗಿದ್ದೆ. ಕಲ್ಲಿನ ಮುಂದೆ ಟೋಪಿ ತೆಗೆದು, "ಸಾರ್, ಇದು ನಿಮ್ಮದಾ?" ಅಂತ ಕೇಳಿ ಇಟ್ಟ. ಸಂಜೆ ಹಾಲಿನಲ್ಲಿ ಕೂತಾಗ ಬಿಲ್ಲೆ ಅವನ ಪ್ಯಾಂಟಿನ ಜೇಬಿನಲ್ಲಿತ್ತು. ತಣ್ಣಗೆ, ಒದ್ದೆಯಾಗಿ. ಮರುದಿನ ಎರಡನೆಯ ಕಲ್ಲಿಗೆ ಇಟ್ಟ, ಅದೂ ತಿರುಗಿ ಬಂತು. ತನ್ನದಲ್ಲದ್ದನ್ನು ಅಲ್ಲಿಯವರು ಯಾರೂ ಇಟ್ಟುಕೊಳ್ಳುವುದಿಲ್ಲ. ಮೇಲಿರುವ ನಮಗಿಂತ ಶಿಸ್ತು ಜಾಸ್ತಿ.

ಹಾಲಿನಲ್ಲಂತೂ ಗೂಬೆ ಬಿಲ್ಲೆ ನೋಡಲು ಜನ ಸೇರತೊಡಗಿದರು. ಯಾವನಾದರೊಬ್ಬ ಬಡಿಯುವುದು, ಎಲ್ಲರೂ ತೋರಿಸುವುದು, ತಿರುಗಿ ನೋಡುವಷ್ಟರಲ್ಲಿ ಗ್ಲಾಸ್‌ಗಳು ತುಂಬಿರುವುದು. ಬುಧವಾರ ಚಿಲ್ಲರೆಯ ಬದಲು ಒಂದು ಕೈಗಡಿಯಾರ ಇತ್ತು, ಪಟ್ಟಿ ಕೊಳೆತು ನಾರಾಗಿತ್ತು. ರೋಸಲೀ ಅದನ್ನು ಕಿವಿಗೆ ಹಿಡಿದು ಕೆಳಗಿಟ್ಟುಬಿಟ್ಟಳು. "ಓಡ್ತಿದೆ," ಅಂದಳು. ಗುರುವಾರ ಸಮವಸ್ತ್ರದ ಹಿತ್ತಾಳೆ ಗುಂಡಿಗಳು, ದಾರದ ಎಳೆ ಸಮೇತ. ಶುಕ್ರವಾರ ಒಂದು ಪದಕ. ಕುರ್ಚಿ ದಿನಕ್ಕಿಷ್ಟು ಕೌಂಟರಿನ ಕಡೆಗೆ ಬರುತ್ತಿತ್ತು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ, ಆದರೆ ಎಲ್ಲರೂ ಅದನ್ನು ಸುತ್ತಿಹಾಕಿಕೊಂಡು ಪಾಯಿಖಾನೆಗೆ ಹೋಗತೊಡಗಿದರು.

"ಸಾರ್ಜೆಂಟ್, ಈ ಬಿಯರ್ ನಾನು ಮಾರಿದ್ದಲ್ಲ," ಅಂದಳು ರೋಸಲೀ. "ಪೀಪಾಯಿ ತುಂಬಿದ್ದ ಹಾಗೇ ಇದೆ. ಇದಕ್ಕೆ ಮಣ್ಣಿನ ವಾಸನೆ ಇದೆ."

"ಬಿಟ್ಟಿ ಬಂದದ್ದರ ವಾಸನೆ ನೋಡಬಾರದು," ಅಂತ ಕ್ಲೀಟಸ್ ಎರಡನೆಯ ಗ್ಲಾಸಿಗೆ ಕೈ ಹಾಕಿದ. ಅವನ ಹಲ್ಲಿನ ಸಂದಿಯಲ್ಲಿ ಕೆಮ್ಮಣ್ಣು ಕಾಣುತ್ತಿತ್ತು.

ನನಗೆ ಹೊಳೆದದ್ದು ಆಗ. ಆರ್ವಿಲ್‌ನನ್ನು ಹೊರಗೆ ಎಳೆದುಕೊಂಡು ಹೋದೆ.

"ಆ ಕುರ್ಚಿಯಲ್ಲಿ ಇರುವವನೂ ಕೋಣೆಯಲ್ಲೇ ಇದ್ದ ಹಾಗೆ ತಾನೇ? ಬಡಿದಾಗ ಅವನೂ ಬಿಲ್ಲೆ ತೋರಿಸಬೇಕು. ಅವನ ಬಿಲ್ಲೆ ನಿನ್ನ ಕೈಲಿದೆ. ಅವನಿಗೆ ತೋರಿಸೋಕೆ ಏನೂ ಇಲ್ಲ. ಅದಕ್ಕೇ ದಿನಾ ಅವನೇ ಕುಡಿಸ್ತಿದಾನೆ, ಕಾನೂನಿನ ಪ್ರಕಾರ."

ಆರ್ವಿಲ್ ಬೆರಳು ಮಡಿಸಿ ಎಣಿಸಿದ. "ಕಲ್ಲಿನ ಮೇಲಿನ ಚಿಲ್ಲರೆ ಮುಗೀತು. ಗಡಿಯಾರ, ಗುಂಡಿ, ಪದಕ... ಹಾಬ್ಸ್, ಆ ಮನುಷ್ಯನ ಹತ್ತಿರ ಇನ್ನೇನು ಉಳಿದಿದೆ?"

"ಹಾಲಿಗೆ ಹೋಗಬೇಡ ನೀನು."

ಶನಿವಾರ, ಭಾನುವಾರ ಅವನು ಹೋಗಲಿಲ್ಲ. ಉಳಿದ ಕಲ್ಲುಗಳಿಗೂ ಇಟ್ಟು ನೋಡೋಣವೆಂದರೆ ಪುರಸಭೆಯವರು ಸೋಮವಾರ ಬರುವ, ಮಡಿದ ಸೈನಿಕರನ್ನು ನೆನೆಯುವ ದಿನಕ್ಕೆಂದು ಬಾವುಟ ನೆಟ್ಟು ಗೇಟಿಗೆ ಬೀಗ ಹಾಕಿದ್ದರು. ಅದೂ ಸಾಲದೆ ಮೇಯರ್ ಡ್ವೇನ್ ಪ್ರೆಸ್ಕಾಟ್ ಸ್ವತಃ ಮನೆಗೆ ಬಂದು, ಸೋಮವಾರದ ಸಭೆಯಲ್ಲಿ ಆರ್ವಿಲ್ಲೇ ಮುಖ್ಯ ಭಾಷಣ ಮಾಡಬೇಕೆಂದ. ಆರ್ವಿಲ್ ಆಗಲ್ಲ ಅಂದ. ಮೇಯರ್ ಅದನ್ನು ಒಪ್ಪಿಗೆ ಅಂತ ತಿಳಿದು ಕಣ್ಣೊರೆಸಿಕೊಂಡು ಹೋದ. ಲರ್ಲೀನ್ ಆಗಲೇ ಹೊಸ ಟೋಪಿ ತಂದಿದ್ದಳು.

ಸೋಮವಾರ ಬೆಳಿಗ್ಗೆ ಹಾಲಿನಲ್ಲಿ ಎಲ್ಲರಿಗೂ ತಿಂಡಿ. ಲರ್ಲೀನ್ ಗಂಡನ ತೋಳು ಹಿಡಿದು ಎಳೆದುಕೊಂಡೇ ಬಂದಳು. ಒಳಗೆ ಬಂದು ನೋಡಿದರೆ ಬಾರದವರ ಕುರ್ಚಿ ಕೌಂಟರಿಗೆ ಅಂಟಿ ನಿಂತಿದೆ. ಅದರ ಪಕ್ಕದ್ದು ಆರ್ವಿಲ್‌ನ ಸ್ಟೂಲು. ನಾನು ಅಡ್ಡ ಬರುವುದರೊಳಗೆ ಕ್ಲೀಟಸ್ ತನ್ನ ಬಿಲ್ಲೆ ಬಡಿದೇಬಿಟ್ಟ.

"ತೆಗೀರಿ! ವೀರನ ಗೌರವಕ್ಕೆ!"

ಆರ್ವಿಲ್ ಬಿಲ್ಲೆ ತೆಗೆಯಲಿಲ್ಲ. ತಾನೇ ಸೋತೆನೆಂದು ಎರಡೂ ಕೈ ಮೇಲೆತ್ತಿದ. ಆದರೆ ಅದು ಅವನ ಜೇಬಿನಿಂದ ತಾನಾಗಿ ಜಾರಿ, ನೆಲಕ್ಕೆ ಬಿದ್ದು, ಉರುಳಿ, ಕುರ್ಚಿಯ ಕಾಲಿಗೆ ತಾಗಿ ನಿಂತಿತು. ಬೆಳಗಿನ ಬಿಸಿಲಿನಲ್ಲೂ ಕಿಟಕಿಗಳಿಗೆ ಒಳಗಿನಿಂದ ಮಂಜು ಹಿಡಿಯಿತು. ಯಾರೋ ದೀರ್ಘವಾಗಿ ಉಸಿರು ಬಿಟ್ಟಂತಾಯಿತು, ತೆರಲು ಏನೂ ಉಳಿಯದವನು ಬಿಡುವ ಉಸಿರು. ನಾವೆಲ್ಲ ಗ್ಲಾಸ್‌ಗಳ ಕಡೆ ನೋಡಿದೆವು. ತುಂಬಿದ್ದವು.

ಅವುಗಳ ನಡುವೆ ಒಂದು ಉಂಗುರ. ಮದುವೆಯ ಉಂಗುರ.

ಕ್ಲೀಟಸ್ ಕೂಡ ಕುಡಿಯಲಿಲ್ಲ. ರೋಸಲೀ ಅದನ್ನು ಎತ್ತಿ ಒರೆಸಿ ಒಳಗೆ ಕೊರೆದಿದ್ದನ್ನು ಓದಿದಳು: "ಎಮೆಟ್‌ಗೆ, ಬರ್ನಡೀನ್."

ಆರ್ವಿಲ್ ಬಿಲ್ಲೆಯನ್ನೂ ಉಂಗುರವನ್ನೂ ಅಂಗೈಯಲ್ಲಿ ಮುಚ್ಚಿಕೊಂಡ. "ನಾಲ್ಕನೇ ಸಾಲು," ಅಂದ. "ಎಮೆಟ್ ಸ್ಟ್ರೌಡ್. ನಾನು ಪ್ರತಿ ವಾರ ಅವನ ಸುತ್ತ ಹುಲ್ಲು ಕತ್ತರಿಸ್ತೀನಿ." ಓಡಲು ಬಾಗಿಲಿಗೆ ಹೋದರೆ ಮೇಯರ್‌ನ ತೆರೆದ ಕಾರು ಬಾಗಿಲಲ್ಲೇ ನಿಂತಿತ್ತು. ಬ್ಯಾಂಡಿನವರ ಹಿಂದೆ, ಜನರ ನಡುವೆ, ಕೈಬೀಸುತ್ತಿದ್ದ ಲರ್ಲೀನಳ ಪಕ್ಕದಲ್ಲಿ ಅವನನ್ನು ಕೂರಿಸಿ ನಡಿಗೆಯ ವೇಗದಲ್ಲಿ ಕರೆದೊಯ್ದರು. ಅರ್ಧ ಮೈಲಿಗೆ ಮುಕ್ಕಾಲು ಗಂಟೆ.

ಸ್ಮಶಾನದಲ್ಲಿ ಮೈಕಿನ ಮುಂದೆ ನಿಲ್ಲಿಸಿದರು.

"ನಾನು ಯಾವ ಯುದ್ಧಕ್ಕೂ ಹೋಗಿಲ್ಲ," ಅಂದ ಆರ್ವಿಲ್. "ಹಲ್ಲಿನ ಡಾಕ್ಟ್ರ ಹತ್ತಿರ ಟೈಪ್ ಮಾಡ್ತಿದ್ದೆ. ಈ ಬಿಲ್ಲೆ ನನ್ನದಲ್ಲ."

ಆಮೇಲೆ ಇಡೀ ಹ್ಯಾಕ್‌ಬೆರಿ ಎದ್ದುನಿಂತು ಚಪ್ಪಾಳೆ ತಟ್ಟಿತು.

"ಇವತ್ತಿಗೂ ಗುಟ್ಟು ಬಿಟ್ಟುಕೊಡಲ್ಲ!" ಅಂತ ಮೇಯರ್ ಮೈಕಿನಲ್ಲೇ ಅತ್ತುಬಿಟ್ಟ.

ಆ ಗದ್ದಲದ ನಡುವೆ ನಾನು ನಾಲ್ಕನೇ ಸಾಲಿನ ಕಡೆ ನೋಡಿದೆ. ಎಂಬತ್ತು ದಾಟಿದ ಒಬ್ಬ ಹೆಂಗಸು ಊರುಗೋಲು ಊರಿಕೊಂಡು ಒಂದು ಕಲ್ಲಿನ ಮುಂದೆ ನಿಂತಿದ್ದಳು. ಕೈಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದಳು, ಆಮೇಲೆ ಅಂಥದೇ ಇನ್ನೊಂದು ಕಪ್ಪು ಬಿಲ್ಲೆ. ಕಲ್ಲಿನ ತಲೆಯ ಮೇಲೆ ಟಕ್ಕೆಂದು ಬಡಿದಳು.

"ಎಮೆಟ್, ತೆಗಿ!"

ಚಪ್ಪಾಳೆ ತಾನಾಗಿ ನಿಂತಿತು. ಅವಳು ಕಲ್ಲಿನ ಮೇಲೆ ಕೈಯಾಡಿಸಿದಳು. ಕಲ್ಲಿನ ಹಿಂದೆ, ಹುಲ್ಲಿನಲ್ಲಿ, ಊರುಗೋಲಿನ ತುದಿಯಿಂದ ಹುಡುಕಿದಳು.

"ನಲವತ್ತೊಂದು ವರ್ಷ," ಅಂದಳು, ಯಾರಿಗೂ ಅಲ್ಲ. "ಒಂದು ವರ್ಷವೂ ಸೋತಿರಲಿಲ್ಲ ನೀನು. ಏನಾಯ್ತೋ?"

ಆರ್ವಿಲ್ ಮೈಕು ಕೆಡವಿ, ಹೂವಿನ ಹಾರ ತುಳಿದು, ಬ್ಯಾಂಡಿನ ಡೋಲಿಗೆ ಕಾಲು ಸಿಕ್ಕಿಸಿಕೊಂಡು ಓಡಿದ. ಕಲ್ಲಿನ ಮೇಲೆ ಗೂಬೆ ಬಿಲ್ಲೆ ಇಟ್ಟ, ಅದರ ಪಕ್ಕ ಉಂಗುರ. ರೋಸಲೀ ಹಿಂದಿನಿಂದ ಬಂದು ಗಡಿಯಾರ, ಗುಂಡಿ, ಪದಕ ಎಲ್ಲ ಜೋಡಿಸಿದಳು.

"ಸೋತಿಲ್ಲ ಮೇಡಂ," ಅಂದ ಆರ್ವಿಲ್, ಏದುಸಿರಿನಲ್ಲಿ. "ನಾನು ಎತ್ತಿಕೊಂಡಿದ್ದೆ. ತಪ್ಪು ನಂದು. ಇವರು ವಾರವಿಡೀ ನನ್ನಿಂದಾಗಿ ಎಲ್ಲರಿಗೂ ಕುಡಿಸಿದರು. ಉಂಗುರವನ್ನೂ ಕೊಟ್ಟರು."

ಬರ್ನಡೀನ್ ಉಂಗುರ ಎತ್ತಿ ನೋಡಿದಳು. ಆ ಉಂಗುರ ಗಂಡನ ಬೆರಳಿನಲ್ಲಿದ್ದ ಹಾಗೇ ಪೆಟ್ಟಿಗೆ ಮುಚ್ಚಿಸಿದವಳು ಅವಳೇ. ಕಿರುಚುತ್ತಾಳೆ ಅಂದುಕೊಂಡೆ. ಕಿರುಚಲಿಲ್ಲ.

"ಬದುಕಿದ್ದಾಗಲೂ ಹಿಂಗೇ," ಅಂದಳು. "ಸೋತರೆ ಚಡ್ಡಿ ಮಾರಿಯಾದರೂ ಕುಡಿಸೋ ಜಾತಿ." ಬಗ್ಗಿ, ಉಂಗುರವನ್ನು ಹೆಬ್ಬೆರಳಿನಿಂದ ಮಣ್ಣಿನೊಳಗೆ ಒತ್ತಿದಳು, ಗೆಣ್ಣು ಮುಳುಗುವವರೆಗೆ. "ತಗೋ. ಇನ್ನೊಂದು ಸಲ ಇದನ್ನ ಬಿಯರಿಗೆ ಕೊಟ್ಟೆ ಅಂದ್ರೆ ನಾನೇ ಕೆಳಗೆ ಬಂದು ವಿಚಾರಿಸ್ಕೋತೀನಿ."

ಅವಳು ಕೈ ಎಳೆದುಕೊಂಡಳು. ಬೆರಳು ಹೋದ ತೂತು ಮೆಲ್ಲಗೆ ತಾನೇ ಮುಚ್ಚಿಕೊಂಡಿತು. ನಾನು ನೋಡಿದೆ. ಮೇಯರ್ ಕೂಡ ನೋಡಿದ, ಆಮೇಲೆ ಒಂದು ವಾರ ರಜೆ ಹಾಕಿದ.

ಮುದುಕಿ ನಮ್ಮ ಕಡೆ ತಿರುಗಿದಳು. "ನಾನು ಬಡಿದಿದೀನಿ. ಎಮೆಟ್ ತೋರಿಸ್ದ. ನಿಮ್ಮದೆಲ್ಲಿ?"

ನಾವು ಒಬ್ಬೊಬ್ಬರೇ ತೋರಿಸಿದೆವು. ಕ್ಲೀಟಸ್‌ನ ಕೈಯಿಂದ ಬಿಲ್ಲೆ ಎರಡು ಸಲ ಜಾರುವುದರಲ್ಲಿತ್ತು. ಕೊನೆಗೆ ಉಳಿದವನು ಆರ್ವಿಲ್. ಅವನು ಖಾಲಿ ಅಂಗೈ ಚಾಚಿದ.

"ನನ್ನ ಹತ್ರ ಇಲ್ಲ ಮೇಡಂ. ಯಾವತ್ತೂ ಇರಲಿಲ್ಲ."

"ಹಾಗಾದ್ರೆ ಕುಡಿಸು."

ಅವಳ ಕೈಯ ಬಾಟಲಿ ತೆಗೆದುಕೊಂಡು ಅವನು ಮೊದಲು ಎಮೆಟ್‌ನ ಮಣ್ಣಿಗೆ ಸುರಿದ. ವಿಸ್ಕಿ ಇಂಗಲಿಲ್ಲ, ಕೆಳಗಿನಿಂದ ಹೀರಿದ ಹಾಗೆ ಒಂದೇ ಗುಟುಕಿಗೆ ಹೋಯಿತು. ಜನ ಹಿಂದೆ ಸರಿದರು. ಆರ್ವಿಲ್ ಮಾತ್ರ ನಿಂತಲ್ಲೇ ನಿಂತಿದ್ದ, ಬಲಗೈ ಮುಂದೆ ಚಾಚಿಕೊಂಡು. ಅದು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಆಡುತ್ತಿತ್ತು, ಯಾರೋ ಕುಲುಕುತ್ತಿರುವ ಹಾಗೆ. ಎದುರಿಗೆ ಯಾರೂ ಇರಲಿಲ್ಲ. ಕೈ ಬಿಟ್ಟಾಗ ಅಂಗೈ ತುಂಬ ಕೆಮ್ಮಣ್ಣು, ಮಣ್ಣಿನ ನಡುವೆ ಒಂದು ಬಿಲ್ಲೆ.

ಮನೆ ಬಾಗಿಲಲ್ಲಿ ಲರ್ಲೀನ್ ಒಂದೇ ಮಾತು ಕೇಳಿದಳು: "ರೀ, ಹಲ್ಲಿನ ಡಾಕ್ಟ್ರ ಆಫೀಸು ನಿಜವಾ?"

"ನಿಜ ಕಣೇ."

"ಹಾಗಾದ್ರೆ ಆ ಕೈ ತೊಳ್ಕೊಂಡು ಒಳಗೆ ಬಾ."

ಈಗ ಹಾಲಿನಲ್ಲಿ ಕುರ್ಚಿ ತನ್ನ ಮೂಲೆಯಲ್ಲೇ ಇದೆ. ಯಾರಾದರೂ ಬಡಿದರೆ ಆರ್ವಿಲ್ ತನ್ನ ಬಿಲ್ಲೆ ಇಡುತ್ತಾನೆ, ಯಾರು ಕೊಟ್ಟದ್ದು ಅಂತ ಯಾರೂ ಕೇಳುವುದಿಲ್ಲ. ಕ್ಲೀಟಸ್ ಬಡಿಯುವುದನ್ನೇ ಬಿಟ್ಟಿದ್ದಾನೆ. ಅದಕ್ಕೆ ಭಯವೇ ಕಾರಣ ಅನ್ನುತ್ತಾನೆ, ಆದರೆ ನನಗೆ ಅವನ ಜಿಪುಣತನ ಗೊತ್ತು.

ನನ್ನದು ಮಾತ್ರ ಬಗೆಹರಿದಿಲ್ಲ. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವನ ಜಗಲಿಯಲ್ಲಿ ಕೂತು, "ಎಲ್ಲಿ, ನೋಡೋಣ ಕೊಡು," ಅಂದೆ. ಕೊಟ್ಟ. ಎರಡೂ ಕಡೆ ನುಣುಪು, ಗುರುತಿಲ್ಲ, ಮಾತಿಲ್ಲ. ಸೆಖೆಯಲ್ಲೂ ಬೆರಳು ಜೋಮು ಹಿಡಿಯುವಷ್ಟು ತಣ್ಣಗೆ. ಕೈ ಜಾರಿತು. ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು.

ಟಕ್.

ಸ್ಮಶಾನದ ಕಡೆಯಿಂದ ಉತ್ತರ ಬಂತು. ಟಕ್. ಆಮೇಲೆ ಇನ್ನೊಂದು. ಸಾಲು ಸಾಲಾಗಿ, ಸಾವಧಾನವಾಗಿ, ಕಲ್ಲಿಗೆ ಲೋಹ ಬಡಿಯುವ ಸದ್ದು, ಆ ತುದಿಯಿಂದ ಈ ತುದಿಯವರೆಗೆ. ಆರ್ವಿಲ್‌ಗೆ ಏನೂ ಕೇಳಿಸಲಿಲ್ಲವಂತೆ. ನನಗೆ ಕೇಳಿಸಿದ್ದು ಬಲಗಿವಿಯಲ್ಲಿ, ಹೋದ ಕಿವಿಯಲ್ಲಿ. ಇನ್ನೂರ ನಲವತ್ತಮೂರು ಸಮಾಧಿ, ಒಬ್ಬನೂ ತಪ್ಪಲಿಲ್ಲ. ಎಲ್ಲರ ಹತ್ತಿರವೂ ಇತ್ತು. ಬೀಳಿಸಿದವನು ನಾನು.

ಅದಕ್ಕೇ ಪ್ರತಿ ಶನಿವಾರ ಒಂದೊಂದು ಸಾಲಿಗೆ ಕುಡಿಸಿ ಬರುತ್ತೇನೆ. ಕಾನೂನು ಕಾನೂನೇ. ನಿನ್ನೆ ಏಳನೇ ಸಾಲಿನಲ್ಲಿ ಬಿಯರ್ ಸುರಿಯಲು ಬಗ್ಗಿದರೆ ಬಲಗಿವಿಯಲ್ಲಿ ಯಾರೋ ಸ್ಪಷ್ಟವಾಗಿ ಅಂದರು: "ಹಾಬ್ಸ್, ನಾಲ್ಕನೇ ಸಾಲಿನ ಎಮೆಟ್‌ಗೆ ವಿಸ್ಕಿ, ನಮಗೆ ಮಾತ್ರ ಇದಾ?"